ನಾದಿನಿ ತಂದ ಅಂಬರ್ ಸರ, ಅಜ್ಜಿ ಕಟ್ಟಿದ ಬಜೆ ಸರ

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ಹಲ್ಲಿನವೇ. ನಿಮ್ಮ ಹಲ್ಲಲ್ಲ, ಆರೇಳು ತಿಂಗಳ ಕೂಸುಗಳ ಹಲ್ಲು. ಹಾಗಾಗಿ ಮಿಕ್ಕಿದ್ದನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿ ಇವತ್ತು ಬರೀ ಜೊಲ್ಲು, ವಸಡು, ಸರ. ಮೊದಲನೇ ಉತ್ತರ ಉದ್ದ ಆಗಿದೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಡಾಕ್ಟ್ರಮ್ಮ, ನನ್ನ ಮಗಳಿಗೆ ಈಗ 7 ತಿಂಗಳು. ಕೆಳಗಿನ ಎರಡು ಹಲ್ಲು ಬರೋ ಹಂಗಿದೆ, ಒಂದೇ ಸಮ ಜೊಲ್ಲು, ರಾತ್ರಿ ಎಲ್ಲ ಅಳು, ಸಿಕ್ಕಿದ್ದನ್ನೆಲ್ಲ ಕಚ್ಚೋದು. ನಮ್ಮ ನಾದಿನಿ ನ್ಯೂಜೆರ್ಸಿಯಲ್ಲಿದ್ದಾಳೆ, ಹೋದ ತಿಂಗಳು ಬಂದಾಗ ಜೇನುತುಪ್ಪದ ಬಣ್ಣದ ಮಣಿಗಳ ಸರ ತಂದು ಮಗು ಕುತ್ತಿಗೆಗೆ ಹಾಕಿ ಹೋದಳು. ಅಂಬರ್ ಅಂತೆ, ಮೈ ಶಾಖಕ್ಕೆ ಅದರೊಳಗಿನ ಔಷಧಿ ಚರ್ಮದ ಮೂಲಕ ಒಳಗೆ ಹೋಗಿ ನೋವು ಕಮ್ಮಿ ಮಾಡುತ್ತಂತೆ, ಅಲ್ಲಿ ಅವಳ ಫ್ರೆಂಡ್ಸ್ ಮಕ್ಕಳೆಲ್ಲ ಹಾಕ್ಕೊಂಡಿದ್ದಾವಂತೆ. ನಿಜ ಹೇಳ್ಬೇಕು ಅಂದ್ರೆ ಹಾಕಿದ ಒಂದು ವಾರಕ್ಕೆ ಅಳು ಕಮ್ಮಿನೂ ಆಯ್ತು. ಆದ್ರೆ ನಮ್ಮಮ್ಮ ಮಾತ್ರ ನಿದ್ದೆ ಮಾಡೋ ಮಗು ಕತ್ತಲ್ಲಿ ಸರ ಯಾಕೆ ತೆಗಿ ಅಂತ ದಿನಾ ಗಲಾಟೆ. ತೆಗೆದ್ರೆ ವಿಡಿಯೋ ಕಾಲಲ್ಲಿ ನಾದಿನಿ ಕೇಳ್ತಾಳೆ ಸರ ಎಲ್ಲಿ ಅಂತ. ಏನು ಮಾಡ್ಲಿ?
– ಒಬ್ಬ ತಾಯಿ, ರಾಜಾಜಿನಗರ, ಬೆಂಗಳೂರು

ಉತ್ತರ: ಮೊದಲು ಉತ್ತರ ಹೇಳಿಬಿಡ್ತೀನಿ, ಕತೆ ಆಮೇಲೆ. ನೋವು ಕಮ್ಮಿ ಆಗಲ್ಲ. ಪತ್ರಿಕೆ ಕೆಳಗಿಟ್ಟು ಎದ್ದು ಹೋಗಿ, ಮಗು ಕುತ್ತಿಗೆಯಿಂದ ಆ ಸರ ಬಿಚ್ಚಿ, ಬಿಚ್ಚಿಟ್ಟು ಬಂದು ಮುಂದಕ್ಕೆ ಓದಿ. ನಿಮ್ಮಮ್ಮ ಹೇಳಿದ್ದೇ ಸರಿ.

ಬಿಚ್ಚಿದ್ರಾ? ಸರಿ. ಈಗ ಆ ಮಣಿ ಏನು ಅಂತ ನೋಡೋಣ, ಯಾಕಂದ್ರೆ ವಸ್ತು ಚೆನ್ನಾಗಿದೆ, ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಅಂಬರ್ ಕಲ್ಲಲ್ಲ, ಮರದ ರಾಳ. ನಮ್ಮ ಮಲೆನಾಡಲ್ಲಿ ಧೂಪದ ಮರದ ತೊಗಟೆಯಿಂದ ಅಂಟಂಟಾಗಿ ಸೋರಿ ಗಟ್ಟಿಯಾಗುತ್ತಲ್ಲ, ಅದೇ ಜಾತಿ, ಆದ್ರೆ ಇದು 4 ಕೋಟಿ ವರ್ಷಕ್ಕೂ ಹಳೇದು. ಬಾಲ್ಟಿಕ್ ಸಮುದ್ರದ ದಡದಲ್ಲಿ, ಅಂದ್ರೆ ಲಿಥುವೇನಿಯಾ, ಪೋಲೆಂಡ್, ರಷ್ಯಾದ ಕಲಿನಿನ್‌ಗ್ರಾಡ್ ಕಡೆ ಮಣ್ಣಲ್ಲಿ, ಮರಳಲ್ಲಿ ಸಿಗುತ್ತೆ. ಸಂಸ್ಕೃತದಲ್ಲಿ ಇದಕ್ಕೆ ತೃಣಮಣಿ ಅಂತ ಹೆಸರು, ಬಟ್ಟೆಗೆ ಉಜ್ಜಿ ಹಿಡಿದ್ರೆ ಹುಲ್ಲಿನ ಎಳೇನ ತನ್ನ ಕಡೆ ಎಳ್ಕೊಳ್ಳುತ್ತೆ ಅಂತ. ಗ್ರೀಕರು ಇದನ್ನೇ ಎಲೆಕ್ಟ್ರಾನ್ ಅಂತಿದ್ರು, ನಮ್ಮ ಮನೆ ಕರೆಂಟಿಗೆ ಎಲೆಕ್ಟ್ರಿಸಿಟಿ ಅನ್ನೋ ಹೆಸರು ಬಂದಿದ್ದು ಅಲ್ಲಿಂದಾನೇ. ಇಷ್ಟು ದೊಡ್ಡ ಚರಿತ್ರೆ ಇರೋ ಮಣಿಗೆ ಹಲ್ಲು ನೋವು ವಾಸಿ ಮಾಡೋ ಕೆಲಸ ಯಾಕೆ ಕೊಟ್ರೋ.

ಮಾರೋರು ಹೇಳೋ ಔಷಧಿ ಹೆಸರು ಸಕ್ಸಿನಿಕ್ ಆಸಿಡ್. ಬಾಲ್ಟಿಕ್ ಅಂಬರಲ್ಲಿ ಅದು ಇರೋದು ನಿಜ, ತೂಕದಲ್ಲಿ ನೂರಕ್ಕೆ 3ರಿಂದ 8 ಭಾಗ ಅಂತಾರೆ. ಸುಳ್ಳು ಇರೋದು ಆಮೇಲಿನ ಮಾತಲ್ಲಿ. ಇದ್ದ ಮಾತ್ರಕ್ಕೆ ಹೊರಗೆ ಬರಬೇಕಲ್ಲ? 1546ರಷ್ಟು ಹಿಂದೇನೇ ಜರ್ಮನಿಯ ಅಗ್ರಿಕೋಲ ಅನ್ನೋ ವಿದ್ವಾಂಸ ಅಂಬರಿಂದ ಇದನ್ನ ಹೊರಗೆ ತೆಗೆದಿದ್ದ, ಹೆಂಗೆ ಅಂದ್ರೆ ಪಾತ್ರೇಲಿ ಹಾಕಿ ಚೆನ್ನಾಗಿ ಕಾಯಿಸಿ, ಬಟ್ಟಿ ಇಳಿಸಿ. ಸಕ್ಸಿನಿಕ್ ಆಸಿಡ್ ಕರಗೋದೇ 185 ಡಿಗ್ರಿ ದಾಟಿದ ಮೇಲೆ. ನಿಮ್ಮ ಮಗಳ ಕುತ್ತಿಗೆ ಎಷ್ಟು ಬೆಚ್ಚಗಿದ್ರೂ 36, 37. ಆ ಶಾಖಕ್ಕೇ ಔಷಧಿ ಸೋರೋ ಹಂಗಿದ್ರೆ ಕಲಬುರಗಿ ಅಂಗಡೀಲಿ ಒಂದು ಬೇಸಿಗೆ ಕಳೆಯೋದ್ರೊಳಗೆ ಮಣಿ ಎಲ್ಲ ಖಾಲಿ ಆಗಿರಬೇಕಿತ್ತು.

ಇದು ಬರೀ ನನ್ನ ತರ್ಕ ಅಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಯೂನಿವರ್ಸಿಟಿಯವರು ಇಂಥ ಸರಗಳನ್ನೇ ತಗೊಂಡು ಪರೀಕ್ಷೆ ಮಾಡಿ 2019ರಲ್ಲಿ ಬರೆದಿದ್ದಾರೆ, ಮಣಿಯೊಳಗೆ ಆಸಿಡ್ ಇದೆ, ಆದ್ರೆ ಅದು ಚರ್ಮದ ಮೂಲಕ ಮಗುವಿಗೆ ಹೋಗಿ ಉರಿ ಊತ ಇಳಿಸುತ್ತೆ ಅನ್ನೋದಕ್ಕೆ ಆಧಾರ ಸಿಗಲಿಲ್ಲ ಅಂತ. ಇನ್ನೊಂದು ತಮಾಷೆ ಕೇಳಿ, ಸಕ್ಸಿನಿಕ್ ಆಸಿಡ್ ನಮ್ಮ ನಿಮ್ಮ ದೇಹದ ಜೀವಕೋಶಗಳಲ್ಲಿ ಪ್ರತಿ ಕ್ಷಣ ತಯಾರಾಗ್ತಾನೇ ಇರುತ್ತೆ, ತಿಂದ ಆಹಾರದಿಂದ ಶಕ್ತಿ ಮಾಡ್ಕೊಳ್ಳೋ ಚಕ್ರದಲ್ಲಿ ಅದೂ ಒಂದು ಕೊಂಡಿ. ಮಗು ಹತ್ರ ಇದ್ದಿದ್ದನ್ನೇ ಮಗುಗೆ ಸರ ಮಾಡಿ ಮಾರೋದು. ಹೋಗ್ಲಿ, ವಾದಕ್ಕೆ ಅಂತಾನೇ ಇಟ್ಕೊಳ್ಳಿ, ಮಣಿಯಿಂದ ನಿಜವಾಗ್ಲೂ ನೋವಿನ ಔಷಧಿ ಸೋರುತ್ತೆ ಅಂತ. ಎಷ್ಟು ಸೋರುತ್ತೆ, ಎಷ್ಟು ಹೊತ್ತಿಗೆ, 7 ಕೇಜಿ ಮಗುಗೆ ಎಷ್ಟು ಜಾಸ್ತಿ? ಯಾವ ಅಳತೆಯೂ ಇಲ್ಲದ ಔಷಧೀನ 24 ಗಂಟೆ ಮಗು ಮೈಗೆ ಕಟ್ಟಿಡ್ತೀರಾ? ಪ್ಯಾರಾಸಿಟಮಾಲ್ ಅರ್ಧ ಎಂಎಲ್ ಜಾಸ್ತಿ ಆಯ್ತಾ ಅಂತ ರಾತ್ರಿ ಹನ್ನೆರಡಕ್ಕೆ ನನಗೆ ಫೋನ್ ಮಾಡೋ ತಾಯಂದಿರು ನೀವು.

ಇಷ್ಟೇ ಆಗಿದ್ರೆ ನಾನೂ ಹಾಕ್ಕೊಳ್ಳಲಿ ಬಿಡಿ, ಚೆಂದ ಕಾಣುತ್ತೆ ಅಂತ ಸುಮ್ಮನಾಗ್ತಿದ್ದೆ. ಕಷ್ಟ ಇರೋದು ಅದು ಸರ ಅನ್ನೋದರಲ್ಲಿ. ಅಮೆರಿಕದ ಔಷಧಿ ಇಲಾಖೆ, ಎಫ್‌ಡಿಎ, 2018ರ ಡಿಸೆಂಬರಲ್ಲಿ ಹಲ್ಲು ಬರೋ ಮಕ್ಕಳಿಗೆ ಇಂಥ ಸರ, ಬಳೆ ಯಾವುದೂ ಹಾಕಬೇಡಿ ಅಂತ ಎಚ್ಚರಿಕೆ ಕೊಟ್ಟಿತು. ಅದರಲ್ಲಿ ಒಂದು ಸಾವಿನ ವಿಷಯ ಇದೆ, 18 ತಿಂಗಳ ಮಗು ಮಧ್ಯಾಹ್ನದ ನಿದ್ದೆಯಲ್ಲಿ ತನ್ನ ಅಂಬರ್ ಸರಕ್ಕೇ ಕುತ್ತಿಗೆ ಬಿಗಿದು ಹೋಯಿತು. ಅಲ್ಲಿನ ಮಕ್ಕಳ ವೈದ್ಯರ ಸಂಘದ ಸಲಹೆಯೂ ಇದೇ, ಹಾಕಬೇಡಿ. ಮಗುವಿನ ಶ್ವಾಸನಾಳ ಅಂದಾಜು ಅದರ ಕಿರುಬೆರಳಿನಷ್ಟೇ ದಪ್ಪ, ಮೃದು ಬೇರೆ, ಮುಚ್ಚಿಹೋಗೋಕೆ ಜಾಸ್ತಿ ಬಲ ಬೇಡ. ಅಲ್ಲಿ ಮರದ ಕಟಕಟೆ ತೊಟ್ಟಿಲು, ನಮ್ಮಲ್ಲಿ ಸೀರೆ ಜೋಲಿ. ಮಗು ಜೋಲಿಯಲ್ಲಿ ಮಗ್ಗಲು ತಿರುಗಿದಾಗ ಸೀರೆಯ ಮಡಿಕೆಗೆ ಸರ ಸಿಕ್ಕಿಕೊಂಡ್ರೆ ಮಗುವಿನ ಭಾರವೇ ಅದನ್ನ ಬಿಗಿ ಮಾಡುತ್ತೆ. ಅಳೋಕೆ ಉಸಿರಿರಲ್ಲ, ಪಕ್ಕದ ರೂಮಲ್ಲಿರೋ ನಿಮಗೆ ಸದ್ದೂ ಕೇಳಲ್ಲ, ಮಗು ಒಳ್ಳೇ ನಿದ್ದೆಯಲ್ಲಿದೆ ಅಂತಾನೇ ಅಂದ್ಕೊಳ್ತೀರಿ.

ಈಗ ಅಳು ಕಮ್ಮಿ ಆಗಿದ್ದು. ನೀವು ಸುಳ್ಳು ಹೇಳ್ತಿಲ್ಲ, ನಿಜವಾಗ್ಲೂ ಕಮ್ಮಿ ಆಗಿರುತ್ತೆ. ತನ್ನ ಕೋಳಿ ಕೂಗೋದ್ರಿಂದಲೇ ಊರಿಗೆ ಬೆಳಗಾಗುತ್ತೆ ಅಂದ್ಕೊಂಡಿದ್ದ ಮುದುಕಿ ಕತೆ ಗೊತ್ತಲ್ಲ, ಇದೂ ಅದೇ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ವೈದ್ಯರು 125 ಮಕ್ಕಳ ಅಪ್ಪ ಅಮ್ಮಂದಿರ ಕೈಲಿ ದಿನಾ ಬರೆಸಿ 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು, ಹಲ್ಲು ಹೊರಗೆ ಕಾಣೋದಕ್ಕೆ 4 ದಿನ ಮುಂಚೆ, ಆ ದಿನ, ಆಮೇಲೆ 3 ದಿನ, ಒಟ್ಟು 8 ದಿನದಲ್ಲೇ ಈ ಜೊಲ್ಲು, ಕಿರಿಕಿರಿ, ಕಚ್ಚೋದು ಎಲ್ಲ ಜಾಸ್ತಿ ಕಂಡಿದ್ದು. ನಾವು ಸರ ಹಾಕೋದು ಯಾವಾಗ? ಅಳು ತಡೆಯೋಕೆ ಆಗದೆ ಇದ್ದಾಗ, ಅಂದ್ರೆ ಆ ಎಂಟು ದಿನದ ನಡುಮಧ್ಯೆ. ಇನ್ನು ನಾಲ್ಕೈದು ದಿನಕ್ಕೆ ಅದು ತಾನಾಗೇ ಇಳಿಯೋದೇ. ಇಳಿದ ಕ್ರೆಡಿಟ್ ಸರಕ್ಕೆ. ಮುಂದಿನ ಹಲ್ಲಿಗೆ ಮತ್ತೆ ಅತ್ತರೆ ಸರ ಹಳೇದಾಯ್ತು, ಶಕ್ತಿ ಹೋಗಿದೆ, ಹೊಸದು ತಗೊಳ್ಳಿ ಅಂತಾರೆ, ಹಂಗೆ ಹೇಳೋ ಮಾರಾಟಗಾರರೂ ಇದ್ದಾರೆ. ಒಟ್ಟು 20 ಹಾಲುಹಲ್ಲು, ಮೂರು ವರ್ಷದ ಹತ್ತಿರ ಹೋಗುತ್ತೆ ಮುಗಿಯೋಕೆ. ಎಷ್ಟು ಸರ ತಗೊಳ್ತೀರಿ?

ನನ್ನ ಕೇಳಿದ್ರೆ ಆ ಸರ ಸಮಾಧಾನ ಮಾಡೋದು ಮಗೂನಲ್ಲ, ನಿಮ್ಮನ್ನ. ಏನೋ ಒಂದು ಮಾಡಿದೆ ಅಂತ ನಿಮಗೆ ಅನ್ಸುತ್ತೆ, ನಿಮ್ಮ ಮೈ ಸ್ವಲ್ಪ ಸಡಿಲ ಆಗುತ್ತೆ, ಎತ್ತಿಕೊಂಡ ಮಗೂನೂ ಸಡಿಲ ಆಗುತ್ತೆ. ಇದನ್ನ ತಮಾಷೆ ಮಾಡ್ತಿಲ್ಲ, ಮೂರು ರಾತ್ರಿ ನಿದ್ದೆ ಇಲ್ಲದ ತಾಯಿಗೆ ಯಾರಾದ್ರೂ ಏನಾದ್ರೂ ತಂದುಕೊಟ್ರೆ ಅದೇ ದೊಡ್ಡದು.

ನಾದಿನಿ ವಿಷಯ. ಜಗಳ ಬೇಡ. ಅವಳು ಪ್ರೀತಿಯಿಂದ ತಂದಿದ್ದು, ದುಡ್ಡು ಕೊಟ್ಟು ತಂದಿದ್ದು. ‘ನಮ್ಮ ಡಾಕ್ಟರ್ ಬೇಡ ಅಂದ್ರು ಕಣೇ, ನಿಮ್ಮ ಎಫ್‌ಡಿಎನೇ ಹೇಳಿದೆಯಂತೆ, ಅಲ್ಲಿ ನಿನಗೆ ಗೊತ್ತಿರೋ ಮಕ್ಕಳ ಡಾಕ್ಟರನ್ನ ಒಂದು ಮಾತು ಕೇಳಿ ನೋಡು’ ಅಂದುಬಿಡಿ. ನ್ಯೂಜೆರ್ಸಿ ಡಾಕ್ಟರ್ ನನಗಿಂತ ಖಾರವಾಗಿ ಹೇಳ್ತಾರೆ, ನಿಮ್ಮ ತಲೆನೋವು ತಪ್ಪುತ್ತೆ. ಸರಾನ ಮಗುವಿನ ಫೋಟೋ ಆಲ್ಬಮ್ ಜೊತೆ ಬೀರುವಲ್ಲಿಡಿ. ನಿಮ್ಮ ಕೈಗೆ ಸುತ್ಕೋಬೇಡಿ, ಹಾಲು ಕುಡಿಯೋವಾಗ ಮಗು ಬಾಯಿಗೆ ಮೊದಲು ಸಿಗೋದು ಅದೇ.

ಪ್ರಶ್ನೆ: ಮೇಡಂ, ನಾನು ಇಂಜಿನಿಯರ್, ಆನ್‌ಲೈನಲ್ಲಿ ಅಂಬರ್ ಸರ ತರಿಸುವ ಮೊದಲು ಸಾಕಷ್ಟು ಓದಿದ್ದೇನೆ. ಬಂದ ಮೇಲೆ ಉಪ್ಪುನೀರಿನಲ್ಲಿ ಹಾಕಿ ನೋಡಿದೆ, ತೇಲಿತು, ಅಂದ್ರೆ ಒರಿಜಿನಲ್. ಪ್ರತಿ ಮಣಿಗೂ ಬೇರೆ ಬೇರೆ ಗಂಟು ಇದೆ, ಕಿತ್ತರೂ ಒಂದೇ ಮಣಿ ಬೀಳುತ್ತೆ. ಜೋರಾಗಿ ಎಳೆದ್ರೆ ತಾನೇ ಬಿಚ್ಚಿಕೊಳ್ಳುವ ಸೇಫ್ಟಿ ಕೊಂಡಿ ಇದೆ. ರಾತ್ರಿ ಕತ್ತಿನಿಂದ ತೆಗೆದು ಕಾಲಿಗೆ ಸುತ್ತಿ ಮೇಲೆ ಸಾಕ್ಸ್ ಹಾಕ್ತೀವಿ. ಇಷ್ಟೆಲ್ಲ ಮಾಡಿದ ಮೇಲೂ ರಿಸ್ಕ್ ಅಂತೀರಾ?
– ಮೈಸೂರಿನಿಂದ ಒಬ್ಬ ತಂದೆ

ಉತ್ತರ: ಅಂತೀನಿ. ಉಪ್ಪುನೀರಿನ ಪರೀಕ್ಷೆ ಸರಿ ಮಾಡಿದ್ದೀರಿ, ಗಾಜು, ಸುಮಾರು ಜಾತಿ ಪ್ಲಾಸ್ಟಿಕ್ ಮುಳುಗುತ್ತೆ, ಅಂಬರ್ ತೇಲುತ್ತೆ. ಆದ್ರೆ ಮಣಿ ಒರಿಜಿನಲ್ ಆದ್ರೆ ನಿಮ್ಮ ದುಡ್ಡಿಗೆ ಮೋಸ ಆಗಿಲ್ಲ ಅಂತ ಅಷ್ಟೇ ಅರ್ಥ. ಗಂಟಲಲ್ಲಿ ಸಿಕ್ಕಿಕೊಂಡಾಗ ಒರಿಜಿನಲ್ಲೂ ಒಂದೇ ಡೂಪ್ಲಿಕೇಟೂ ಒಂದೇ.

ನೀವು ಇಂಜಿನಿಯರ್ ಅಂದಿದ್ದೀರಿ, ಹಂಗಾಗಿ ಕೊಂಡಿ ವಿಷಯ ನೀವೇ ಲೆಕ್ಕ ಹಾಕಿ. ಮಗು ಉಸಿರು ಕಟ್ಟೋಕೆ ಮುಂಚೆ ಬಿಚ್ಚಬೇಕು ಅಂದ್ರೆ ಕೊಂಡಿ ತುಂಬಾ ಸಡಿಲ ಇರಬೇಕು. ಅಷ್ಟು ಸಡಿಲ ಇದ್ರೆ ಮಗು ತಾನೇ ಕೈ ಹಾಕಿ ಎಳೆದು ಬಿಚ್ಚುತ್ತೆ, ಏಳು ತಿಂಗಳ ಮಗು ಬಿಚ್ಚಿದ್ದನ್ನ ಎಲ್ಲಿ ಇಡುತ್ತೆ? ಬಾಯಲ್ಲಿ. ಹಂಗೆ ಬಿಚ್ಚಬಾರದು ಅಂತ ಬಿಗಿ ಮಾಡಿದ್ರೆ ಬೇಕಾದಾಗ ಬಿಚ್ಚಲ್ಲ. ಕಿತ್ತರೆ ಗಂಟಲಿಗೆ, ಕೀಳದಿದ್ದರೆ ಕುತ್ತಿಗೆಗೆ. ಎರಡರ ಮಧ್ಯೆ ಸರಿಯಾದ ಒಂದು ಬಿಗಿ ಇರಬಹುದೇನೋ ಅಂತ ನೀವು ಹುಡುಕಬಹುದು, ಆದ್ರೆ ನಿಮ್ಮ ಮಗು ಮೇಲೆ ಹುಡುಕಬೇಡಿ. ಕೆನಡಾದಲ್ಲಿ ವೈದ್ಯರು ಇಂಥ ಸರಗಳನ್ನ ಎಳೆದು ಪರೀಕ್ಷೆ ಮಾಡಿದಾಗ ಬಿಚ್ಚಬೇಕಾದಷ್ಟು ಎಳೆದ್ರೂ ಬಿಚ್ಚದವು ಸಾಕಷ್ಟು ಸಿಕ್ಕವು.

ಗಂಟಿನ ವಿಷಯ. ಒಂದೇ ಮಣಿ ಬೀಳುತ್ತೆ ಅಂದ್ರಿ, ಗಂಟಲು ಮುಚ್ಚೋಕೆ ಒಂದೇ ಮಣಿ ಸಾಕು.

ಕಾಲಿನ ವಿಷಯ. ಆರೇಳು ತಿಂಗಳ ಮಕ್ಕಳಿಗೆ ಜಗತ್ತಲ್ಲಿ ಅತ್ಯಂತ ರುಚಿಯಾದ ವಸ್ತು ತಮ್ಮ ಕಾಲಿನ ಹೆಬ್ಬೆರಳು, ಸಾಕ್ಸ್ ಅನ್ನೋದು ಕಿತ್ತು ಹಾಕೋಕೆ ಅಂತಾನೇ ಇರೋದು. ನೀವು ನೋಡಿರ್ತೀರಿ, ಬೆನ್ನ ಮೇಲೆ ಮಲಗಿ ಎರಡೂ ಕೈಲಿ ಪಾದ ಹಿಡ್ಕೊಂಡು, ಒಂದು ಸಾಕ್ಸ್ ಆಗಲೇ ಮಂಚದ ಕೆಳಗೆ. ನಾವು ನೋಡ್ತಾನೇ ಇರ್ತೀವಲ್ಲ ಅಂತೀರಿ. ಎಫ್‌ಡಿಎ ಹೇಳಿದ ಇನ್ನೊಂದು ಪ್ರಕರಣದಲ್ಲಿ 7 ತಿಂಗಳ ಮಗು ಮರದ ಮಣಿಗಳ ಬಳೆ ಬಾಯಿಗಿಟ್ಟು ಮಣಿ ಗಂಟಲಲ್ಲಿ ಸಿಕ್ಕಿ ಆಸ್ಪತ್ರೆ ಸೇರಿದಾಗ ಅಪ್ಪ ಅಮ್ಮ ನೋಡ್ಕೊಳ್ತಾನೇ ಇದ್ರು.

ಬಳೆ ಅಂದಾಗ ನೆನಪಾಯ್ತು, ಅಂಬರ್ ಒಂದೇ ಅಲ್ಲ. ಅಮೆರಿಕದ ಕನೆಕ್ಟಿಕಟ್ಟಲ್ಲಿ 2016ರಲ್ಲಿ 9 ತಿಂಗಳ ಒಂದು ಮಗುವಿನ ರಕ್ತದಲ್ಲಿ ಸೀಸ ಒಂದು ಡೆಸಿಲೀಟರಿಗೆ 41 ಮೈಕ್ರೋಗ್ರಾಂ ಸಿಕ್ಕಿತು, ಗಾಬರಿ ಬೀಳೋ ಮಟ್ಟ. ಎಲ್ಲಿಂದ ಅಂತ ಮನೆಯೆಲ್ಲ ಹುಡುಕಿದ್ರು. ಕೊನೆಗೆ ಸಿಕ್ಕಿದ್ದು ಹಲ್ಲಿನ ನೋವಿಗೆ ಅಂತ ಸಂತೆಯಲ್ಲಿ ತಂದು ಕೈಗೆ ಹಾಕಿದ್ದ ‘ಹೀಲಿಂಗ್’ ಬಳೆ, ಮಗು ಆಗಾಗ ಅದನ್ನ ಚೀಪ್ತಾ ಇತ್ತು, ಮಣಿಗಳ ಮಧ್ಯದ ಸಣ್ಣ ಲೋಹದ ತುಂಡುಗಳಲ್ಲಿತ್ತು ಸೀಸ. ಮಣಿಗೆ ಪರೀಕ್ಷೆ ಮಾಡ್ತೀರಿ, ಮಧ್ಯದ ಲೋಹಕ್ಕೆ, ದಾರದ ಬಣ್ಣಕ್ಕೆ, ಕೊಂಡಿಗೆ ಯಾರು ಮಾಡ್ತಾರೆ?

ಇಷ್ಟು ಓದೋ ಅಭ್ಯಾಸ ಇರೋ ನೀವು ಇನ್ನೊಂದು ಕಲ್ತುಬಿಡಿ, ಸರಕ್ಕಿಂತ ಅದು ಉಪಯೋಗ. ಒಂದು ವರ್ಷದೊಳಗಿನ ಮಗುವಿಗೆ ಗಂಟಲಲ್ಲಿ ಏನಾದ್ರೂ ಸಿಕ್ಕಿ ಅಳೋಕೂ ಕೆಮ್ಮೋಕೂ ಆಗ್ತಿಲ್ಲ ಅಂದ್ರೆ ನಿಮ್ಮ ಮುಂಗೈ ಮೇಲೆ ಬೋರಲು ಹಾಕಿ, ತಲೆ ತಗ್ಗಲ್ಲಿರಲಿ, ಅಂಗೈ ಬುಡದಿಂದ ಎರಡು ಭುಜದ ಮಧ್ಯೆ 5 ಸಲ ಹೊಡೀರಿ. ಬರಲಿಲ್ಲ ಅಂದ್ರೆ ಅಂಗಾತ ತಿರುಗಿಸಿ ಎದೆ ಮಧ್ಯೆ ಒಂದು ಕೈಯ ಅಂಗೈ ಬುಡದಿಂದ 5 ಸಲ ಒತ್ತಿ. ಹೊರಗೆ ಬರೋ ತನಕ ಇದೇ, ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಫೋನ್ ಮಾಡಲಿ. ಕಣ್ಣಿಗೆ ಕಾಣದೇ ಇರೋದನ್ನ ಬೆರಳು ಹಾಕಿ ಹುಡುಕಬೇಡಿ, ಇನ್ನೂ ಒಳಗೆ ತಳ್ತೀರಿ.

ಪ್ರಶ್ನೆ: ಡಾಕ್ಟ್ರೇ, ನಾನು ನಾಲ್ಕು ಮಕ್ಕಳ್ನ ಹೆತ್ತು ಬೆಳೆಸಿದೀನಿ, ಏಳು ಮೊಮ್ಮಕ್ಕಳ ಬಾಣಂತನ ನೋಡಿದೀನಿ. ಎಲ್ಲರಿಗೂ ಬಜೆ ತುಂಡು ಪೋಣಿಸಿ ಸರ ಹಾಕಿದೀವಿ, ಕರಿಮಣಿ ಕಟ್ಟಿದೀವಿ, ಉಡಿದಾರ ಕಟ್ಟಿದೀವಿ, ಹಲ್ಲು ಬರೋವಾಗ ಬಜೆ ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸಿದೀವಿ. ಯಾರಿಗೂ ಏನೂ ಆಗ್ಲಿಲ್ಲ. ಈಗ ಬಂದಿರೋ ಸಣ್ಣ ಸೊಸೆ ಮೊಬೈಲ್ ನೋಡ್ಕೊಂಡು ಎಲ್ಲಾನೂ ಕತ್ತರಿಸಿ ಹಾಕಿದ್ಲು. ಫಾರಿನ್ ಮಣಿ ಬೇಡ ಅನ್ನಿ, ಒಪ್ತೀನಿ. ನಮ್ಮ ಬಜೆನೂ ಬೇಡ ಅಂದ್ರೆ ಹೆಂಗೆ?
– ಒಬ್ಬ ಅಜ್ಜಿ, ದಾವಣಗೆರೆ

ಉತ್ತರ: ಅಮ್ಮ, ನೀವು ನನ್ನ ಮೇಲೆ ಬೇಜಾರಾಗೋದು ಗ್ಯಾರಂಟಿ, ಆದ್ರೂ ಹೇಳ್ತೀನಿ. ಕುತ್ತಿಗೆಯ ಸರದ ವಿಷಯದಲ್ಲಿ ನಿಮ್ಮ ಸೊಸೆ ಕಡೆಗೆ ನನ್ನ ಓಟು. ದಾರಕ್ಕೆ ಬಾಲ್ಟಿಕ್ ಯಾವುದು ದಾವಣಗೆರೆ ಯಾವುದು ಗೊತ್ತಾಗಲ್ಲ. ನಿಮ್ಮ ಕಾಲದಲ್ಲಿ ಏನೂ ಆಗಲಿಲ್ಲ ಅಂದ್ರೆ ಅದಕ್ಕೆ ಒಂದು ಕಾರಣ ಇದೆ, ಆಗ ಬಾಣಂತಿ ಮನೇಲಿ ಮಗು ಒಂದು ನಿಮಿಷ ಒಂಟಿ ಇರ್ತಿರಲಿಲ್ಲ, ಒಬ್ಬರಲ್ಲ ಒಬ್ಬರ ತೊಡೆ ಮೇಲೆ, ಕಾಲ ಮೇಲೆ. ಈಗ ಎರಡು ರೂಮಿನ ಫ್ಲ್ಯಾಟು, ತಾಯಿ ಒಬ್ಬಳೇ, ಅವಳು ಸ್ನಾನಕ್ಕೆ ಹೋದ ಹತ್ತು ನಿಮಿಷ ಮಗು ಜೊತೆ ಇರೋದು ಫ್ಯಾನು ಮಾತ್ರ.

ಏನೂ ಆಗಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ. ನಾನು ತಾಲ್ಲೂಕು ಆಸ್ಪತ್ರೆಯಲ್ಲಿದ್ದಾಗ ಒಂದು ಮಗೂನ ಕರ್ಕೊಂಡು ಬಂದ್ರು, ಒಂದೇ ಮೂಗಿಂದ ಹದಿನೈದು ದಿನದಿಂದ ಸೋರ್ತಾ ಇದೆ, ವಾಸನೆ, ನೆಗಡಿ ಔಷಧಿಗೆ ಬಗ್ಗಲಿಲ್ಲ ಅಂತ. ಟಾರ್ಚ್ ಬಿಟ್ಟು ನೋಡಿದ್ರೆ ಒಳಗೆ ಮಿಣಿಮಿಣಿ ಅಂತ ಒಂದು ಕರಿಮಣಿ ಕೂತಿದೆ. ಕೈಗೆ ಕಟ್ಟಿದ್ದ ದೃಷ್ಟಿದಾರ ಯಾವಾಗ ಸವೆದು ಕಿತ್ತಿತ್ತೋ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮೂಗಿಗೆ ಹೋಯ್ತು, ಬದುಕಿಕೊಂಡ್ತು. ಅದೇ ಮಣಿ ಒಂದು ಇಂಚು ಆ ಕಡೆ ಹೋಗಿದ್ರೆ ಅಂತ ನನಗೆ ಇವತ್ತಿಗೂ ಎದೆ ಝಲ್ ಅನ್ನುತ್ತೆ.

ಉಡಿದಾರ ಸೊಂಟಕ್ಕೆ ಕಟ್ಟೋದು, ಅಷ್ಟು ಅಪಾಯ ಇಲ್ಲ, ಎರಡು ಬೆರಳು ಹೋಗುವಷ್ಟು ಸಡಿಲ ಇರಲಿ, ಅದಕ್ಕೆ ತಾಯತ, ಮಣಿ, ಗೆಜ್ಜೆ ಏನೂ ಪೋಣಿಸಬೇಡಿ, ಮಗು ಬೆಳೆದ ಹಾಗೆ ದಾರ ಬೆಳೆಯಲ್ಲ ಅನ್ನೋದು ನೆನಪಿರಲಿ. ದೃಷ್ಟಿಗೆ ಕಪ್ಪು ಬೊಟ್ಟು ಇಡಿ, ಕೆನ್ನೆ ಮೇಲೆ, ಕಣ್ಣೊಳಗಲ್ಲ. ಅದಕ್ಕೆ ಸೊಸೇನೂ ಬೇಡ ಅನ್ನಲ್ಲ ಅಂದ್ಕೋತೀನಿ.

ಜೇನುತುಪ್ಪ ಮಾತ್ರ ಒಂದು ವರ್ಷ ತುಂಬೋ ತನಕ ಬೇಡವೇ ಬೇಡ, ಒಂದು ನೆಕ್ಕೂ ಬೇಡ. ಅದರಲ್ಲಿ ಕೆಲವು ಸಲ ಇರೋ ಒಂದು ಸೂಕ್ಷ್ಮಜೀವಿಯ ಬೀಜ ನಮಗೆ ಏನೂ ಮಾಡಲ್ಲ, ಎಳೇ ಮಗುವಿನ ಕರುಳಲ್ಲಿ ಮೊಳೆತು ವಿಷ ಮಾಡುತ್ತೆ, ಮಗು ಬಟ್ಟೆ ಥರ ಮೆತ್ತಗಾಗುತ್ತೆ. ಬಜೇನೂ ಹೊಟ್ಟೆಗೆ ಬೇಡ. ಅದರ ಎಣ್ಣೆಯಲ್ಲಿ ಅಸರೋನ್ ಅಂತ ಒಂದು ಅಂಶ ಇದೆ, ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಗೆಡ್ಡೆ ಬಂದಿದ್ದಕ್ಕೆ ಅಮೆರಿಕದಲ್ಲಿ 1968ರಲ್ಲೇ ತಿನ್ನೋ ಪದಾರ್ಥಕ್ಕೆ ಬಜೆ ಸೇರಿಸಬಾರದು ಅಂತ ನಿಲ್ಲಿಸಿದ್ರು.

ಫಾರಿನ್ ಅವರು ಬುದ್ಧಿವಂತರು, ನಾವು ದಡ್ಡರು ಅಂತ ನಾನು ಹೇಳ್ತಿಲ್ಲ ಅಮ್ಮ. ಅವರ ಕತೆ ಕೇಳಿದ್ರೆ ನಿಮಗೆ ನಗು ಬರಲ್ಲ, ಅಳು ಬರುತ್ತೆ. ಹಲ್ಲು ಬರೋದೇ ಒಂದು ಕಾಯಿಲೆ ಅಂತ ಅವರಲ್ಲಿ ನೂರಾರು ವರ್ಷ ನಂಬಿದ್ರು. ವಸಡನ್ನ ಚಾಕುವಲ್ಲಿ ಸೀಳಿ ಹಲ್ಲಿಗೆ ದಾರಿ ಮಾಡ್ತಿದ್ರು, ದೊಡ್ಡ ದೊಡ್ಡ ಡಾಕ್ಟರೇ. ಆಮೇಲೆ ಹಲ್ಲಿನ ಪುಡಿ ಅಂತ ಬಂತು, ಅದರಲ್ಲಿ ಇದ್ದಿದ್ದು ಪಾದರಸ. ಮಕ್ಕಳ ಕೈಕಾಲು ಗುಲಾಬಿ ಬಣ್ಣಕ್ಕೆ ತಿರುಗಿ, ಚರ್ಮ ಸುಲಿದು, ಬೆಳಕು ನೋಡೋಕಾಗದೆ ನರಳ್ತಿದ್ವು, ಪಿಂಕ್ ಡಿಸೀಸ್ ಅಂತ ಹೆಸರಿಟ್ಟು ಕಾರಣ ಗೊತ್ತಿಲ್ಲ ಅಂತ ಕೂತಿದ್ರು. 1950ರ ದಶಕದಲ್ಲಿ ಪುಡಿಯಿಂದ ಪಾದರಸ ತೆಗೆದ ಮೇಲೆ ಆ ಕಾಯಿಲೆನೇ ಮಾಯ ಆಯ್ತು. ಅವರ ಅಜ್ಜಿಯರೂ ನಮ್ಮ ಕಾಲದಲ್ಲಿ ಎಲ್ಲರಿಗೂ ಕೊಟ್ಟಿದ್ದೀವಿ ಏನೂ ಆಗಿಲ್ಲ ಅಂತಾನೇ ಹೇಳಿರಬೇಕು.

ಸೊಸೆ ಹತ್ರ ಮಾತು ಬಿಟ್ಟಿದ್ರೆ ಇವತ್ತು ಮಾತಾಡಿ. ಮಗೂಗೆ ಎಣ್ಣೆ ಹಚ್ಚಿ ಕಾಲ ಮೇಲೆ ಹಾಕ್ಕೊಂಡು ನೀರು ಹಾಕೋದು ಆ ಹುಡುಗಿಗೆ ಮೊಬೈಲಲ್ಲಿ ಬರಲ್ಲ, ನಿಮ್ಮಿಂದಾನೇ ಕಲೀಬೇಕು.

ಪ್ರಶ್ನೆ: ಮಗೀಗ 9 ತಿಂಗಳ ಆಗ್ಯಾವ. ಎರಡು ದಿನದಿಂದ ಜ್ವರ 102 ಅದ, ದಿನಕ್ಕ ಏಳೆಂಟು ಸಲ ನೀರು ನೀರು ಭೇದಿ. ಅತ್ತಿಯವರು ಹಲ್ಲಿಂದ ಜ್ವರ ಅದ, ತಾನೇ ಹೋಗ್ತದ, ದವಾಖಾನಿಗೆ ಯಾಕ ಅಂತಾರ. ಕಾಯಬೇಕೋ ತೋರಿಸಬೇಕೋ?
– ಕಲಬುರಗಿ

ಉತ್ತರ: ತೋರಿಸಬೇಕು. ಈ ಪತ್ರಕ್ಕೆ ಅಚ್ಚಲ್ಲಿ ಉತ್ತರ ಬರೋ ತನಕ ಕಾಯೋ ಹಂಗಿರಲಿಲ್ಲ, ಬಂದ ದಿನಾನೇ ಪತ್ರಿಕೆಯವರ ಕೈಲಿ ಫೋನ್ ಮಾಡಿಸಿದೆ, ಅಷ್ಟರಲ್ಲಿ ಅವರು ಆಸ್ಪತ್ರೆಗೆ ಹೋಗಿ ಬಂದಿದ್ರು, ಮಗು ಆರಾಮ ಇದೆ. ಬೇರೆಯವರಿಗಾಗಿ ಇಲ್ಲಿ ಬರೀತಿದ್ದೀನಿ.

ಅಂಬರ್ ಸರಕ್ಕಿಂತ ಅಪಾಯ ಈ ಮಾತು, ‘ಹಲ್ಲಿಂದ ಬಿಡು’. ಹಲ್ಲು ಬರೋವಾಗ ಮೈ ಒಂಚೂರು ಬೆಚ್ಚಗಾಗಬಹುದು. ಆದ್ರೆ 102 ಜ್ವರ, ನೀರಿನ ಭೇದಿ, ವಾಂತಿ ಇವು ಹಲ್ಲಿನ ಲೆಕ್ಕಕ್ಕೆ ಬರಲ್ಲ, ಮೇಲೆ ಹೇಳಿದ 125 ಮಕ್ಕಳ ಅಧ್ಯಯನದಲ್ಲೂ ಆ ಮಟ್ಟದ ಜ್ವರಕ್ಕೂ ಹಲ್ಲಿಗೂ ನಂಟು ಕಾಣಲಿಲ್ಲ. ಮತ್ತೆ ಎರಡೂ ಒಟ್ಟಿಗೇ ಯಾಕೆ ಬರುತ್ತೆ? ಆರು ತಿಂಗಳ ಹೊತ್ತಿಗೆ ತಾಯಿಯಿಂದ ಹೊಟ್ಟೆಯಲ್ಲಿದ್ದಾಗ ಬಂದ ರೋಗ ತಡೆಯೋ ಶಕ್ತಿ ಕರಗ್ತಾ ಬರುತ್ತೆ, ಅದೇ ಹೊತ್ತಿಗೆ ಮಗು ನೆಲದ ಮೇಲೆ ಹರಿದಾಡಿ ಚಪ್ಪಲಿಯಿಂದ ಹಿಡಿದು ಎಲ್ಲ ಬಾಯಿಗಿಡುತ್ತೆ, ಅದೇ ಹೊತ್ತಿಗೆ ಹಲ್ಲೂ ಬರುತ್ತೆ. ಹಲ್ಲು ಕಣ್ಣಿಗೆ ಕಾಣುತ್ತೆ, ಕ್ರಿಮಿ ಕಾಣಲ್ಲ, ತಪ್ಪು ಹಲ್ಲಿನ ಮೇಲೆ.

ಭೇದಿ ಶುರುವಾದ ತಕ್ಷಣ ಓಆರ್‌ಎಸ್ ಚಮಚ ಚಮಚ ಕುಡಿಸ್ತಾ ಇರಿ, ಎದೆಹಾಲು ನಿಲ್ಲಿಸಬೇಡಿ, ಡಾಕ್ಟರ್ 14 ದಿನ ಝಿಂಕ್ ಕೊಟ್ರೆ ಭೇದಿ ನಿಂತಿತು ಅಂತ ಮಧ್ಯೆ ಬಿಡಬೇಡಿ. ನೆತ್ತಿ ಕುಳಿ ಬಿದ್ದಿದೆ, ಆರು ಗಂಟೆಯಿಂದ ಉಚ್ಚೆ ಇಲ್ಲ, ಎಬ್ಬಿಸಿದ್ರೂ ಕಣ್ಣು ಬಿಡ್ತಿಲ್ಲ, ಮಲದಲ್ಲಿ ರಕ್ತ ಇದೆ, ಇದರಲ್ಲಿ ಒಂದು ಇದ್ರೂ ಬೆಳಗಾಗಲಿ ಅಂತ ಕಾಯಬೇಡಿ. ಮೂರು ತಿಂಗಳೊಳಗಿನ ಮಗುಗಂತೂ 100.4 ದಾಟಿದ್ರೆ ಸಾಕು, ಆಗಲೇ ಹೊರಡಿ.

ಪ್ರಶ್ನೆ: ಸರ ಬೇಡ, ಜೇನು ಬೇಡ, ಬಜೆ ಬೇಡ ಅಂತೀರಿ ಅಂತ ಗೊತ್ತುಂಟು ಡಾಕ್ಟ್ರೆ. ಹಾಗಾದ್ರೆ ವಸಡಿಗೆ ಹಚ್ಚುವ ಜೆಲ್ ಆಗಬಹುದಾ? ಅಥವಾ ಎಂತ ಮಾಡುವುದು ನಾವು, ಸುಮ್ಮನೆ ನೋಡ್ತಾ ಕೂರುವುದಾ?
– ಮಂಗಳೂರು

ಉತ್ತರ: ಜೆಲ್ಲೂ ಬೇಡ ಮಾರಾಯ್ರೆ. ಮರಗಟ್ಟಿಸುವ ಜೆಲ್ಲುಗಳಲ್ಲಿ ಬೆಂಜೋಕೇನ್ ಇರೋದು ಮಗುವಿನ ರಕ್ತ ಆಮ್ಲಜನಕ ಹೊರೋದನ್ನೇ ಕೆಡಿಸಿಬಿಡಬಹುದು, ತುಟಿ ನೀಲಿ ಆಗುತ್ತೆ, 2018ರ ಮೇನಲ್ಲಿ ಎಫ್‌ಡಿಎ ಹಲ್ಲು ಬರೋ ಮಕ್ಕಳಿಗೆ ಅಂತ ಅದನ್ನ ಮಾರೋದನ್ನೇ ನಿಲ್ಲಿಸಿ ಅಂತ ಕಂಪನಿಗಳಿಗೆ ಹೇಳಿತು. ಲಿಡೋಕೇನ್ ಇರೋದನ್ನ ಮಗು ಜೊಲ್ಲಿನ ಜೊತೆ ನುಂಗುತ್ತೆ, ಜಾಸ್ತಿ ಆದ್ರೆ ಫಿಟ್ಸ್ ಬರಬಹುದು. ಮನೆಯಲ್ಲಿ ದೊಡ್ಡವರ ಬಾಯಿಹುಣ್ಣಿಗೆ ಅಂತ ಇರೋ ಟ್ಯೂಬಲ್ಲಿ ಎಷ್ಟೋ ಸಲ ಕೋಲಿನ್ ಸ್ಯಾಲಿಸಿಲೇಟ್ ಇರುತ್ತೆ, ಆಸ್ಪಿರಿನ್ ಮನೆತನದ್ದು, ಬ್ರಿಟನ್ನಲ್ಲಿ 2009ರಿಂದ ಅಂಥ ಬಾಯಿ ಜೆಲ್ 16 ವರ್ಷದೊಳಗಿನವರಿಗೆ ಬೇಡ ಅಂದಿದ್ದಾರೆ. ಟ್ಯೂಬಿನ ಮೇಲೆ ಸಣ್ಣ ಅಕ್ಷರ ಓದಿ.

ಮಾಡೋದು ಏನು ಅಂದ್ರೆ, ಹಳೇ ಪಂಚೆ ಇರುತ್ತಲ್ಲ, ಒಗೆದು ಒಗೆದು ಮೆತ್ತಗಾಗಿರೋದು, ಅದರಲ್ಲಿ ಕರವಸ್ತ್ರದಷ್ಟು ಹರಿದು, ಕುದಿಸಿ, ಒಂದು ತುದಿ ಕುದಿಸಿ ಆರಿದ ನೀರಲ್ಲಿ ಅದ್ದಿ ಹಿಂಡಿ ಫ್ರಿಜ್ಜಲ್ಲಿ ಕೆಳಗಿನ ತಟ್ಟೆಯಲ್ಲಿ ಅರ್ಧ ಗಂಟೆ ಇಡಿ, ಫ್ರೀಜರಲ್ಲಿ ಬೇಡ, ಕಲ್ಲಾದ್ರೆ ವಸಡಿಗೆ ಗಾಯ ಆಗುತ್ತೆ. ಒಣ ತುದಿ ಮಗು ಕೈಗೆ ಕೊಡಿ, ಒದ್ದೆ ತುದಿ ತಾನೇ ಬಾಯಿಗೆ ಹೋಗುತ್ತೆ. ನನ್ನ ಮೊಮ್ಮಗ ಹತ್ತು ನಿಮಿಷ ಅದನ್ನ ನಾಯಿಮರಿ ಥರ ಕಚ್ಚಿ ಎಳೆದು ಆಡ್ತಿದ್ದ. ಇಲ್ಲಾಂದ್ರೆ ನಿಮ್ಮ ಕೈ ಚೆನ್ನಾಗಿ ತೊಳೆದು, ಉಗುರು ಕತ್ತರಿಸಿ, ಬೆರಳಲ್ಲಿ ವಸಡನ್ನ ಒಂದೆರಡು ನಿಮಿಷ ಒತ್ತಿ ಉಜ್ಜಿ, ಮಗು ಕಣ್ಣು ಅರ್ಧ ಮುಚ್ಚಿ ಸುಮ್ಮನಾಗೋದು ಕಾಣುತ್ತೆ. ಗಟ್ಟಿ ರಬ್ಬರ್ ಟೀದರ್ ಆಗುತ್ತೆ, ಒಳಗೆ ನೀರು ತುಂಬಿರೋದು ಬೇಡ, ಒಡೆದ್ರೆ ಆ ನೀರು ಎಲ್ಲಿಯದೋ ಏನೋ. ಹಸಿ ಕ್ಯಾರೆಟ್ ಕೊಡಬೇಡಿ, ಮುರಿದು ಗಂಟಲಿಗೆ ಹೋಗುತ್ತೆ. ಜೊಲ್ಲಿಗೆ ಗಲ್ಲ ಕೆಂಪಾಗಿದ್ರೆ ಒರೆಸಿ ಕೊಬ್ಬರಿ ಎಣ್ಣೆ ಹಚ್ಚಿ, ಮಂಗಳೂರಲ್ಲಿ ಅದನ್ನ ನಾನು ಹೇಳಬೇಕಾ.

ಒಂದು ರಾತ್ರಿ ತಡೆಯೋಕೇ ಆಗಲಿಲ್ಲ ಅಂದ್ರೆ ನಿಮ್ಮ ಡಾಕ್ಟರ್ ಮಗು ತೂಕಕ್ಕೆ ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್ ಕೊಡಬಹುದು. ಒಂದು ಎಚ್ಚರ, ಡ್ರಾಪ್ಸ್ ಬೇರೆ ಸಿರಪ್ ಬೇರೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗೋ ಡ್ರಾಪ್ಸಲ್ಲಿ ಒಂದು ಎಂಎಲ್‌ಗೆ 100 ಮಿಲಿಗ್ರಾಂ, ಮಕ್ಕಳ ಸಿರಪ್ಪಲ್ಲಿ ಐದು ಎಂಎಲ್‌ಗೆ 120 ಅಥವಾ 125. ಅಂದ್ರೆ ಡ್ರಾಪ್ಸ್ ನಾಲ್ಕು ಪಟ್ಟು ಗಟ್ಟಿ. ಡಾಕ್ಟರ್ ಸಿರಪ್ ಒಂದು ಚಮಚ ಅಂದಿದ್ದನ್ನ ರಾತ್ರಿ ಕತ್ತಲಲ್ಲಿ ಡ್ರಾಪ್ಸ್ ಒಂದು ಚಮಚ ಕೊಟ್ರೆ 500 ಮಿಲಿಗ್ರಾಂ ಹೋಯ್ತು, ಅದು ನಿಮ್ಮ ಗಂಡ ನುಂಗೋ ಮಾತ್ರೆ ಲೆಕ್ಕ.

ಮಿಕ್ಕಿದ ಹೊತ್ತು ಎತ್ಕೊಂಡು ಓಡಾಡಿ. ಸುಮ್ಮನೆ ನೋಡ್ತಾ ಕೂರುವುದಾ ಅಂದ್ರಿ, ಎತ್ಕೊಂಡು ಓಡಾಡೋದು ಸುಮ್ಮನೆ ಅಲ್ಲ, ನನ್ನ ಸೊಂಟ ಕೇಳಿ ನೋಡಿ.

ಪ್ರಶ್ನೆ: ನನ್ನ ಮಗನಿಗೆ ಮೇಲಿನ ಹಲ್ಲು ಮೊದಲು ಬಂದಿದೆ. ಸೋದರಮಾವನಿಗೆ ಆಗಿಬರಲ್ಲ ಅಂತ ಎಲ್ಲರೂ ಹೇಳಿ ನನ್ನ ತಮ್ಮ ಮಗು ನೋಡೋಕೇ ಬರ್ತಿಲ್ಲ. ನಿಜಾನಾ?
– ತುಮಕೂರು

ಉತ್ತರ: ಸುಮಾರು ಮಕ್ಕಳಿಗೆ ಕೆಳಗಿಂದು ಮೊದಲು, ಕೆಲವಕ್ಕೆ ಮೇಲಿಂದು ಮೊದಲು, ಅಷ್ಟೇ ವಿಷಯ, ಮಾವನ ಜಾತಕಕ್ಕೂ ಇದಕ್ಕೂ ಸಂಬಂಧ ಇಲ್ಲ. ತಮ್ಮನ್ನ ಈ ಭಾನುವಾರ ಊಟಕ್ಕೆ ಕರೀರಿ. ಬೆರಳು ಮಾತ್ರ ಮಗು ಬಾಯಿಗೆ ಕೊಡಬೇಡ ಅಂತ ಹೇಳಿ, ಮೇಲಿಂದು ಬಂದಿದೆ ಅಂದ್ರೆ ಕೆಳಗಿಂದೂ ಹಿಂದೇನೇ ಇರುತ್ತೆ, ಎರಡೂ ಸೇರಿದ ಮೇಲೆ ಮಾವನಿಗೆ ತೊಂದ್ರೆ ಆಗೋದು ನಿಜಾನೇ.